ಗೆರೆಯ ಕೆಳಗಿನ ನಟ

ಸ್ಟ್ಯಾನ್ ವಿನ್‌ಸ್ಟನ್ ಬಗ್ಗೆ ಬರೆಯುವವರು ಒಂದು ಮಾತನ್ನು ಸಾಮಾನ್ಯವಾಗಿ ಬಿಡುವುದಿಲ್ಲ: ಆತನದು ವೈವಿಧ್ಯಮಯ ವೃತ್ತಿಜೀವನ. ನಟನಾಗಬೇಕೆಂದು ಹಾಲಿವುಡ್‌ಗೆ ಬಂದವನು ಮೇಕಪ್ ಕಲಿತ. ಮೇಕಪ್‌ನಿಂದ ಬೊಂಬೆಗಳಿಗೆ, ಬೊಂಬೆಗಳಿಂದ ಯಂತ್ರಗಳಿಗೆ ಹೋದ. ನಡುವೆ ಚಿತ್ರ ನಿರ್ದೇಶಿಸಿದ, ಕಂಪ್ಯೂಟರ್ ಗ್ರಾಫಿಕ್ಸ್ ಕಂಪನಿಯೊಂದನ್ನು ಕಟ್ಟುವುದರಲ್ಲಿ ಪಾಲುದಾರನಾದ, ನಿರ್ಮಾಪಕನೂ ಆದ. 4 ಆಸ್ಕರ್ ಗೆದ್ದ. ಅವನ ಹೆಸರು ಕೇಳಿರದವರೂ ಅವನ ಕೆಲಸ ನೋಡಿದ್ದಾರೆ. 'ಟರ್ಮಿನೇಟರ್'ನ ಲೋಹದ ಅಸ್ಥಿಪಂಜರ, 'ಏಲಿಯನ್ಸ್'ನ ರಾಣಿ, 'ಪ್ರಿಡೇಟರ್'ನ ಬೇಟೆಗಾರ, 'ಜುರಾಸಿಕ್ ಪಾರ್ಕ್'ನಲ್ಲಿ ಮಳೆಯಲ್ಲಿ ನೆನೆಯುತ್ತ ಕಾರಿನ ಕಿಟಕಿಗೆ ಕಣ್ಣಿಟ್ಟು ನೋಡುವ ಆ ದೈತ್ಯ, ಇವೆಲ್ಲ ಹುಟ್ಟಿದ್ದು ಅವನ ಸ್ಟುಡಿಯೋದಲ್ಲಿ.

ನನ್ನ ತಕರಾರು ಇರುವುದು 'ವೈವಿಧ್ಯಮಯ' ಎಂಬ ಪದದ ಮೇಲೆ. ಮೇಲ್ನೋಟಕ್ಕೆ ಅದು ಹೊಗಳಿಕೆ. ಆದರೆ ನಾವು ಅದನ್ನು ಯಾರಿಗೆ ಬಳಸುತ್ತೇವೆ ನೋಡಿ. ಕಾದಂಬರಿ, ಕವಿತೆ, ನಾಟಕ ಮೂರನ್ನೂ ಬರೆದವನನ್ನು ಸಾಹಿತಿ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಅದೇ ಯಾವ ಕಪಾಟಿಗೆ ಸೇರಿಸಬೇಕೆಂದು ಹೊಳೆಯದ ಮನುಷ್ಯ ಎದುರಾದರೆ ಅವನ ಬದುಕನ್ನು ತುಂಡು ತುಂಡು ಮಾಡಿ, ತುಂಡುಗಳನ್ನು ಸಾಲಾಗಿ ಜೋಡಿಸಿ, ಎಷ್ಟೊಂದು ವೈವಿಧ್ಯ ಎಂದು ಬೆರಗಾಗುತ್ತೇವೆ. ವಿನ್‌ಸ್ಟನ್‌ಗೆ ಆಗಿರುವುದು ಇದೇ. ನನ್ನ ವಾದ ಸರಳವಾದದ್ದು. ಆತ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ, ಅದರ ಹೆಸರು ಅಭಿನಯ. ಅದು ಹಲವು ಕೆಲಸಗಳಂತೆ ಕಾಣುವುದು ಸಿನಿಮಾ ಉದ್ಯಮ ತನ್ನ ಅನುಕೂಲಕ್ಕೆ ಎಳೆದುಕೊಂಡ ಒಂದು ಗೆರೆಯಿಂದಾಗಿ. ಸಿನಿಮಾದ ಬಗ್ಗೆ ಬರೆಯುವ ನಾವು, ಆ ಗೆರೆ ಪ್ರಕೃತಿಯೇ ಎಳೆದದ್ದೋ ಎಂಬಂತೆ ಅದನ್ನು ಪಾಲಿಸುತ್ತಿದ್ದೇವೆ.

ಮೊದಲು ಆ ಗೆರೆ ಯಾವುದೆಂದು ಹೇಳಿಬಿಡುತ್ತೇನೆ, ಅದು ಬರೀ ರೂಪಕವಲ್ಲ. ಹಾಲಿವುಡ್ ಚಿತ್ರವೊಂದರ ಬಜೆಟ್ ಪಟ್ಟಿಯಲ್ಲಿ ನಿಜಕ್ಕೂ ಒಂದು ಅಡ್ಡಗೆರೆ ಇರುತ್ತದೆ. ನಿರ್ಮಾಪಕ, ನಿರ್ದೇಶಕ, ಲೇಖಕ, ಮುಖ್ಯ ನಟನಟಿಯರು ಗೆರೆಯ ಮೇಲೆ. ಛಾಯಾಗ್ರಾಹಕ, ಸಂಕಲನಕಾರ, ಬಡಗಿ, ದರ್ಜಿ, ಮೇಕಪ್‌ನವರು, ಎಫೆಕ್ಟ್ಸ್‌ನವರು ಗೆರೆಯ ಕೆಳಗೆ. ಮೇಲಿನವರ ಸಂಭಾವನೆ ಚೌಕಾಸಿಯಲ್ಲಿ ತೀರ್ಮಾನವಾಗುತ್ತದೆ, ಲಾಭದಲ್ಲಿ ಪಾಲೂ ಸಿಗಬಹುದು. ಕೆಳಗಿನವರಿಗೆ ವಾರದ ಕೂಲಿ, ಇಲ್ಲವೇ ಗುತ್ತಿಗೆಯ ಮೊತ್ತ. ಇದು ಲೆಕ್ಕಪತ್ರದ ಅನುಕೂಲಕ್ಕೆ ಹುಟ್ಟಿದ ಗೆರೆ ಇರಬಹುದು. ಆದರೆ ಕಾಲಕ್ರಮದಲ್ಲಿ ಅದು ಯಾರು ಕಲಾವಿದರು, ಯಾರು ಕೆಲಸದವರು ಎಂದು ಹೇಳುವ ಗೆರೆಯಾಗಿಬಿಟ್ಟಿತು. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ: ಪಂಕ್ತಿಭೇದ. ಅಡುಗೆ ಒಂದೇ, ಎಲೆ ಹಾಕುವ ಜಾಗ ಬೇರೆ.

ವಿನ್‌ಸ್ಟನ್ ಈ ಗೆರೆಯ ಮೇಲೆ ಕೂರಬೇಕೆಂದೇ ಬಂದವನು. 1946ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆ ಓದಿ 1968ರಲ್ಲಿ ಪದವಿ ಪಡೆದ. ಮರುವರ್ಷ ನಟನಾಗಲು ಹಾಲಿವುಡ್ ಸೇರಿದ. ಅವಕಾಶ ಸಿಗಲಿಲ್ಲ. ವಾಲ್ಟ್ ಡಿಸ್ನಿ ಸ್ಟುಡಿಯೋದ ಮೇಕಪ್ ವಿಭಾಗದಲ್ಲಿ ಅಪ್ರೆಂಟಿಸ್ ಆಗಿ ಸೇರಿಕೊಂಡ. 1972ರಲ್ಲಿ ಸ್ವಂತ ಸ್ಟುಡಿಯೋ ತೆರೆದ. ಅದೇ ವರ್ಷ ಬಂದ 'ಗಾರ್ಗಾಯ್ಲ್ಸ್' ಎಂಬ ಟಿವಿ ಚಿತ್ರದ ಮೇಕಪ್‌ಗೆ ತಂಡದ ಜೊತೆ ಎಮ್ಮಿ ಪ್ರಶಸ್ತಿ ಪಡೆದ. ಇಲ್ಲಿಂದ ಮುಂದೆ ಅವನ ಕಥೆ ಹೇಳುವವರು 'ನಟನಾಗುವ ಕನಸು ಬಿಟ್ಟು' ಎಂದು ಶುರುಮಾಡುತ್ತಾರೆ. ಬಿಟ್ಟದ್ದು ಎಲ್ಲಿ?

1974ರಲ್ಲಿ ಬಂದ 'ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್' ಎಂಬ ಟಿವಿ ಚಿತ್ರವನ್ನು ನೋಡಿ. ಗುಲಾಮಗಿರಿಯಲ್ಲಿ ಹುಟ್ಟಿ ನಾಗರಿಕ ಹಕ್ಕುಗಳ ಚಳವಳಿಯ ಕಾಲದವರೆಗೂ ಬದುಕಿದ ಕಪ್ಪು ಮಹಿಳೆಯೊಬ್ಬಳ ಕಥೆ. ಸಿಸಿಲಿ ಟೈಸನ್ ಆ ಪಾತ್ರವನ್ನು ಯೌವನದಿಂದ 110ನೇ ವಯಸ್ಸಿನವರೆಗೆ ಅಭಿನಯಿಸಿದ್ದಾಳೆ. ಮುದಿ ಮುಖವನ್ನು ಕಟ್ಟಿದವರು ವಿನ್‌ಸ್ಟನ್ ಮತ್ತು ರಿಕ್ ಬೇಕರ್. ಕೊನೆಯಲ್ಲಿ ಆ ಮುದುಕಿ ಊರುಗೋಲು ಊರಿಕೊಂಡು, ಬಿಳಿಯರಿಗೆ ಮಾತ್ರ ಎಂದು ಬರೆದಿರುವ ನೀರಿನ ಚಿಲುಮೆಯತ್ತ ನಡೆದುಹೋಗಿ ನೀರು ಕುಡಿಯುತ್ತಾಳೆ. ಆ ನಡಿಗೆಯಲ್ಲಿ ಟೈಸನ್ ಎಲ್ಲಿಗೆ ಮುಗಿಯುತ್ತಾಳೆ, ರಬ್ಬರ್ ಎಲ್ಲಿಂದ ಶುರುವಾಗುತ್ತದೆ? ನೀರಿಗೆ ತುಟಿ ಚಾಚುವಾಗ ಬಾಯಿಯ ಸುತ್ತಲಿನ ಸುಕ್ಕು ಮಾತು ಕೇಳದಿದ್ದರೆ ಇಡೀ ದೃಶ್ಯ ಕುಸಿಯುತ್ತಿತ್ತು. ಆ ಸುಕ್ಕು ಕೂರಿಸುವವನು ಅದು ಯಾವ ಕ್ಷಣದಲ್ಲಿ ಹೇಗೆ ಮಡಚಿಕೊಳ್ಳಬೇಕೆಂದು ಮೊದಲೇ ತಿಳಿದಿರಬೇಕು. ಅಂದರೆ ಕ್ಯಾಮೆರಾ ತಿರುಗುವ ಮುಂಚೆ ಅವನು ಆ ಪಾತ್ರವನ್ನು ತನ್ನೊಳಗೆ ಒಮ್ಮೆ ಅಭಿನಯಿಸಿ ನೋಡಿರಬೇಕು. ಟೈಸನ್‌ಗೂ ಎಮ್ಮಿ ಬಂತು, ಮೇಕಪ್‌ನವರಿಗೂ ಎಮ್ಮಿ ಬಂತು, ಬೇರೆ ಬೇರೆ ವಿಭಾಗಗಳಲ್ಲಿ. ಪ್ರಶಸ್ತಿ ಕೊಡುವವರಿಗೆ ಹಾಗೆ ಹಂಚುವುದು ಅನಿವಾರ್ಯವಿರಬಹುದು. ನೋಡುವವರಿಗೂ ಬರೆಯುವವರಿಗೂ ಆ ಅನಿವಾರ್ಯ ಇಲ್ಲ.

ಟಿವಿಯ ಎಮ್ಮಿ ಇಷ್ಟಾದರೂ ಮಾಡಿತು. ಆಸ್ಕರ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1929ರಿಂದ ಪ್ರಶಸ್ತಿ ಕೊಡುತ್ತಿದ್ದ ಅಕಾಡೆಮಿಗೆ ಐವತ್ತು ವರ್ಷ ಕಳೆದರೂ ಮೇಕಪ್‌ಗೆ ಒಂದು ಕಾಯಂ ವಿಭಾಗ ಇರಲಿಲ್ಲ. ನಡುವೆ ಎರಡು ಸಲ ಗೌರವ ಪ್ರಶಸ್ತಿ ಕೊಟ್ಟಿತ್ತು. 1964ರ ಚಿತ್ರವೊಂದಕ್ಕೆ ವಿಲಿಯಂ ಟಟಲ್‌ಗೆ, 1968ರ 'ಪ್ಲಾನೆಟ್ ಆಫ್ ದಿ ಏಪ್ಸ್'ಗೆ ಜಾನ್ ಚೇಂಬರ್ಸ್‌ಗೆ. 1980ರಲ್ಲಿ ಡೇವಿಡ್ ಲಿಂಚ್‌ನ 'ದಿ ಎಲಿಫೆಂಟ್ ಮ್ಯಾನ್' ಬಂತು. ವಿಕಾರ ರೂಪದ ಮನುಷ್ಯನ ಪಾತ್ರ ಮಾಡಿದ ಜಾನ್ ಹರ್ಟ್ ಅತ್ಯುತ್ತಮ ನಟ ವಿಭಾಗಕ್ಕೆ ನಾಮನಿರ್ದೇಶನಗೊಂಡ. ಅವನ ಮುಖ ಚಿತ್ರದಲ್ಲಿ ಕಾಣುವುದೇ ಇಲ್ಲ, ಕಾಣುವುದು ಕ್ರಿಸ್ಟೋಫರ್ ಟಕರ್ ಮಾಡಿದ ಮುಖ. ಟಕರ್‌ಗೆ ಅಕಾಡೆಮಿಯಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಮುಖದೊಳಗೆ ಇದ್ದವನು ನಟ, ಮುಖ ಮಾಡಿದವನು ಯಾರೂ ಅಲ್ಲ! ಪ್ರತಿಭಟನೆ ಎದ್ದ ಮೇಲೆ ಅಕಾಡೆಮಿ ಮರುವರ್ಷದಿಂದ ಮೇಕಪ್ ವಿಭಾಗ ತೆರೆಯಿತು. ಆ ಮೊದಲ ಸ್ಪರ್ಧೆಯಲ್ಲೇ 'ಹಾರ್ಟ್‌ಬೀಪ್ಸ್' (1981) ಚಿತ್ರಕ್ಕಾಗಿ ವಿನ್‌ಸ್ಟನ್ ಇದ್ದ. ಗೆದ್ದದ್ದು ಅವನ ಹಳೆಯ ಜೊತೆಗಾರ ರಿಕ್ ಬೇಕರ್.

ಮೇಕಪ್ ಹೋಗಲಿ, ನಟನ ಚರ್ಮಕ್ಕೆ ಅಂಟಿಕೊಂಡ ಕಲೆಯಾದ್ದರಿಂದ ಅಭಿನಯದ ನೆರೆಮನೆ ಎಂದಾದರೂ ಒಪ್ಪಿಕೊಳ್ಳಬಹುದು, ಯಂತ್ರಗಳು ಹೇಗೆ ಅಭಿನಯವಾಗುತ್ತವೆ ಎಂದು ನೀವು ಕೇಳಬಹುದು. 'ಏಲಿಯನ್ಸ್' (1986) ಚಿತ್ರದ ರಾಣಿಯನ್ನು ತೆಗೆದುಕೊಳ್ಳಿ. ಎತ್ತರ ಸುಮಾರು 14 ಅಡಿ. ಅವಳ ರೂಪ ಬರೆದವನು ನಿರ್ದೇಶಕ ಜೇಮ್ಸ್ ಕ್ಯಾಮರೂನ್, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ದೊಡ್ಡ ಜೀವಿ ಕ್ಯಾಮೆರಾದ ಮುಂದೆ ಬದುಕುತ್ತದೆಯೇ ಎಂಬುದು ಚಿತ್ರ ಬರೆದು ತಿಳಿಯುವ ಸಂಗತಿಯಲ್ಲ. ವಿನ್‌ಸ್ಟನ್ ತಂಡ ಫೋಮ್ ಹಾಳೆ ಮತ್ತು ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಗಳಿಂದ ಒಂದು ಆಕಾರ ಕಟ್ಟಿ, ಒಳಗೆ ಇಬ್ಬರನ್ನು ಕೂರಿಸಿ, ಕ್ರೇನಿಗೆ ತೂಗುಹಾಕಿ, ಕಾರು ನಿಲ್ಲಿಸುವ ಜಾಗದಲ್ಲಿ ಅಲುಗಾಡಿಸಿ ನೋಡಿತು. ಆ ಕಸದ ಚೀಲ ಉಸಿರಾಡಿದಂತೆ ಕಂಡದ್ದರಿಂದಲೇ ರಾಣಿ ಹುಟ್ಟಿದಳು. ಚಿತ್ರದಲ್ಲಿ ಅವಳ ದೊಡ್ಡ ಕೈ, ಸಣ್ಣ ಕೈಗಳು ಒಳಗಿದ್ದ ಇಬ್ಬರವು. ತಲೆ, ತುಟಿ, ಕಾಲುಗಳನ್ನು ಹೊರಗಿನಿಂದ ಇನ್ನೂ ಹಲವರು ನಡೆಸುತ್ತಿದ್ದರು. ರಿಪ್ಲಿ ಮೊಟ್ಟೆಗಳ ಕಡೆಗೆ ಬೆಂಕಿಯ ಕೊಳವೆ ತಿರುಗಿಸಿದಾಗ ರಾಣಿ ತಲೆಯನ್ನು ನಿಧಾನ ಓರೆ ಮಾಡುತ್ತಾಳೆ. ಆ ತಲೆ ಓರೆಯಾಗುವುದರಲ್ಲಿ ತಾಯಿಯೊಬ್ಬಳ ಲೆಕ್ಕಾಚಾರ ಇದೆ, ಬೆದರಿಕೆ ಇದೆ. ಹತ್ತಾರು ಕೈಗಳು ಸೇರಿ ಒಂದೇ ಮನಸ್ಸಿನಿಂದ ಮಾಡಿದ ಅಭಿನಯ ಅದು. ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಸಿಗೌರ್ನಿ ವೀವರ್ ಅತ್ಯುತ್ತಮ ನಟಿ ವಿಭಾಗಕ್ಕೆ ನಾಮನಿರ್ದೇಶನಗೊಂಡಳು. ಅವಳ ಎದುರು ನಿಂತು ಅಷ್ಟೇ ಸಮನಾಗಿ ಅಭಿನಯಿಸಿದ ಎದುರಾಳಿಯನ್ನು ನಾವು ಇಂದಿಗೂ 'ಎಫೆಕ್ಟ್' ಎನ್ನುತ್ತೇವೆ.

'ಪ್ರಿಡೇಟರ್' (1987) ಇನ್ನೂ ಕಟುವಾದ ಉದಾಹರಣೆ. ಮೊದಲು ಬೇರೆಯವರು ಮಾಡಿದ್ದ ಕೀಟದಂಥ ಉಡುಪು ಮೆಕ್ಸಿಕೋದ ಕಾಡಿನಲ್ಲಿ ಚಿತ್ರೀಕರಣಕ್ಕೆ ಒಗ್ಗಲಿಲ್ಲ. ಕೆಲಸ ನಿಂತಿತು. ಹೊಸ ಜೀವಿಯನ್ನು ಕಟ್ಟಲು ವಿನ್‌ಸ್ಟನ್‌ನನ್ನು ಕರೆದರು. ಅದರೊಳಗೆ ಹೊಕ್ಕವನು 7 ಅಡಿ 2 ಅಂಗುಲದ ಕೆವಿನ್ ಪೀಟರ್ ಹಾಲ್. ಬೇಟೆಗಾರನ ಗತ್ತು, ಸೋಲುವ ಮುಂಚೆ ಮುಖವಾಡ ಕಳಚುವಾಗಿನ ಆ ಠೀವಿ ಎಲ್ಲ ಅವನ ಮೈಯಿಂದ ಬಂದದ್ದು. ಚಿತ್ರದ ಕೊನೆಯಲ್ಲಿ ಹೆಲಿಕಾಪ್ಟರ್ ಓಡಿಸುವವನಾಗಿ ಹಾಲ್‌ನ ಸ್ವಂತ ಮುಖ ಕೆಲವು ಕ್ಷಣ ಕಾಣುತ್ತದೆ. ಆರ್ನಾಲ್ಡ್ ಶ್ವಾರ್ಜನೆಗರ್‌ನನ್ನು ಚಿತ್ರವಿಡೀ ಎದುರಿಸಿದವನು ಆ ಪೈಲಟ್ಟೇ ಎಂದು ನೋಡುವವರಿಗೆ ತಿಳಿಯುವುದೂ ಇಲ್ಲ. ವಿಮರ್ಶೆಗಳಲ್ಲಿ ಅಭಿನಯದ ಪ್ಯಾರಾ ಬಂದಾಗ ಅವನ ಹೆಸರಿಗೆ ಜಾಗ ಸಿಗುವುದಿಲ್ಲ. ಜೀವಿಯ ರೂಪ ಮಾಡಿದವನೂ ಜೀವಿಯಾಗಿ ನಡೆದವನೂ ಇಬ್ಬರೂ ಗೆರೆಯ ಕೆಳಗೆ ಜಾರಿದರು.

ಈ ಗೆರೆ ಹಾಲಿವುಡ್ ಹುಟ್ಟಿದಾಗಿನಿಂದ ಇದ್ದದ್ದೂ ಅಲ್ಲ. ಮೂಕಿ ಚಿತ್ರಗಳ ಕಾಲದ ಲಾನ್ ಚೇನಿ 'ದಿ ಹಂಚ್‌ಬ್ಯಾಕ್ ಆಫ್ ನಾಟ್ರ ಡಾಮ್' (1923), 'ದಿ ಫ್ಯಾಂಟಮ್ ಆಫ್ ದಿ ಆಪೆರಾ' (1925) ಚಿತ್ರಗಳಲ್ಲಿ ತನ್ನ ಮುಖವನ್ನು ತಾನೇ ಕಟ್ಟಿಕೊಂಡ. ಅವನನ್ನು ಯಾರೂ ಅರ್ಧ ನಟ, ಅರ್ಧ ತಂತ್ರಜ್ಞ ಎನ್ನಲಿಲ್ಲ. 1930ರ ದಶಕದಲ್ಲಿ ಸ್ಟುಡಿಯೋಗಳ ವಿಭಾಗಗಳು ಗಟ್ಟಿಯಾದವು, ಮೇಕಪ್ ಕಲಾವಿದರ ಸಂಘಟನೆ ಬಂತು, ಕೆಲಸ ಹಂಚಿಹೋಯಿತು. ಕೂಲಿಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಹಂಚಿಕೆ ಆದದ್ದು ಕೆಲಸದ ಸಮಯಕ್ಕೆ ಮತ್ತು ಸಂಬಳಕ್ಕೆ. ಕಲೆಗೆ ಅಲ್ಲ ಎಂಬುದನ್ನು ನಾವು ಮರೆತೆವು.

ಕನ್ನಡದವರಿಗೆ ಇದನ್ನು ಅರ್ಥಮಾಡಿಸಲು ಕಷ್ಟಪಡಬೇಕಿಲ್ಲ. ನಮ್ಮಲ್ಲಿ 'ವೇಷ ಕಟ್ಟುವುದು' ಎಂಬ ಮಾತಿದೆ. ಬಣ್ಣ ಹಚ್ಚುವುದರಿಂದ ಹಿಡಿದು ರಂಗದಲ್ಲಿ ಕುಣಿದು ಇಳಿಯುವವರೆಗಿನದೆಲ್ಲ ಆ ಒಂದು ಕ್ರಿಯಾಪದದೊಳಗೆ ಇದೆ. ತೆಂಕುತಿಟ್ಟಿನ ಬಣ್ಣದ ವೇಷದವನು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ತನ್ನ ಮುಖಕ್ಕೆ ತಾನೇ ಚುಟ್ಟಿ ಇಡುತ್ತಾನೆ. ಅವನ ವೃತ್ತಿಜೀವನ ವೈವಿಧ್ಯಮಯ ಎಂದು ಯಾರಾದರೂ ಹೇಳಿದರೆ ನಗು ಬಂದೀತು. ಹಾಲಿವುಡ್‌ಗೂ ಯಕ್ಷಗಾನಕ್ಕೂ ಗಂಟು ಹಾಕುವ ಉತ್ಸಾಹ ನನಗಿಲ್ಲ. ನಾನು ಹೇಳುವುದಿಷ್ಟೆ: ಈ ಸಂಗತಿಗೆ ನಮ್ಮ ಭಾಷೆಯಲ್ಲಿ ಸರಿಯಾದ ಪದವೇ ಇರುವಾಗ ಹಾಲಿವುಡ್‌ನ ಬಜೆಟ್ ಪಟ್ಟಿಯ ಭಾಷೆಯನ್ನು ನಾವೇಕೆ ಕಡ ತರಬೇಕು?

ಇಲ್ಲಿ ಎರಡು ಪಂಗಡಗಳು ನನ್ನ ಮೇಲೆ ಬೀಳುತ್ತವೆ ಎಂದು ಬಲ್ಲೆ. ಮೊದಲನೆಯವರು ನಿರ್ದೇಶಕನೇ ಸಿನಿಮಾದ ಕರ್ತೃ ಎನ್ನುವವರು. 1950ರ ದಶಕದಲ್ಲಿ ಫ್ರಾನ್ಸಿನ ಯುವ ವಿಮರ್ಶಕರು ಕಟ್ಟಿದ ಆ ವಾದವನ್ನು ಆಂಡ್ರೂ ಸ್ಯಾರಿಸ್ ಅಮೆರಿಕಕ್ಕೆ ತಂದ. ನಮ್ಮಲ್ಲಿ ಅದು 'ಸಿನಿಮಾ ನಿರ್ದೇಶಕನ ಮಾಧ್ಯಮ' ಎಂಬ ಗಾದೆಯಾಗಿ ಉಳಿದಿದೆ. ಸ್ಟುಡಿಯೋ ಮಾಲೀಕನ ಹಿಡಿತದಿಂದ ಕಲಾವಿದನನ್ನು ಬಿಡಿಸಲು ಹುಟ್ಟಿದ ವಾದ ಅದು, ಆ ಕಾಲಕ್ಕೆ ಬೇಕಿತ್ತು. ಇಂದು ಅದು ಒಬ್ಬನನ್ನು ಎತ್ತರಿಸಿ ಉಳಿದ ನೂರಾರು ಜನರನ್ನು 'ಅವನ ದೃಷ್ಟಿಕೋನವನ್ನು ಸಾಕಾರಗೊಳಿಸಿದವರು' ಎಂದು ಕೈತೊಳೆದುಕೊಳ್ಳುವ ನೆಪವಾಗಿದೆ. ಪ್ರಿಡೇಟರ್‌ನ ಬಾಯಿಗೆ ಕೀಟದಂಥ ದವಡೆ ಇರಲಿ ಎಂದು ವಿಮಾನದಲ್ಲಿ ಪಕ್ಕ ಕೂತಿದ್ದ ಕ್ಯಾಮರೂನ್ ಸೂಚಿಸಿದ್ದ. ಆ ಚಿತ್ರದ ನಿರ್ದೇಶಕ ಅವನಲ್ಲ, ಜಾನ್ ಮೆಕ್‌ಟಿಯರ್ನನ್. ಹಾಗಾದರೆ ಆ ದವಡೆಯ ಕರ್ತೃ ಯಾರು? ಪ್ರಶ್ನೆಯೇ ತಪ್ಪು. ಸಿನಿಮಾದಲ್ಲಿ ಒಂದು ದವಡೆಗೂ ನಾಲ್ಕು ಜನ ಕರ್ತೃಗಳು.

ಎರಡನೆಯವರು ನನ್ನ ಸ್ನೇಹಿತರಂತೆ ಕಾಣುವವರು, ಆದ್ದರಿಂದ ಹೆಚ್ಚು ಅಪಾಯದವರು. ಇವರು ಹಳೆಯ ರಬ್ಬರ್ ಬೊಂಬೆಗಳ ಆರಾಧಕರು. ಕಂಪ್ಯೂಟರ್ ಬಂದು ಎಲ್ಲ ಹಾಳಾಯಿತು, ಕೈಯಿಂದ ಮಾಡಿದ್ದೇ ನಿಜ ಎನ್ನುತ್ತಾರೆ. ವಿನ್‌ಸ್ಟನ್ ಫೋಟೋಗೆ ಹಾರ ಹಾಕಿ ಕೂರಿಸಿರುವವರು ಇವರೇ. ಆದರೆ ಆ ಫೋಟೋದಲ್ಲಿರುವ ಮನುಷ್ಯ ಏನು ಮಾಡಿದ? 'ಜುರಾಸಿಕ್ ಪಾರ್ಕ್' ಬಂದ 1993ರಲ್ಲೇ ಕ್ಯಾಮರೂನ್ ಮತ್ತು ಸ್ಕಾಟ್ ರಾಸ್ ಜೊತೆ ಸೇರಿ ಡಿಜಿಟಲ್ ಡೊಮೈನ್ ಎಂಬ ಕಂಪ್ಯೂಟರ್ ಎಫೆಕ್ಟ್ಸ್ ಕಂಪನಿ ಕಟ್ಟಿದ. 'ಟೈಟಾನಿಕ್' (1997) ಹಡಗಿನ ಬಹುಪಾಲು ಡಿಜಿಟಲ್ ಕೆಲಸ ಮಾಡಿದ್ದು ಆ ಕಂಪನಿ. ಸಾಧನ ಯಾವುದೆಂಬುದು ಅವನಿಗೆ ದೊಡ್ಡದಾಗಿರಲಿಲ್ಲ, ಜೀವಿ ನಂಬಿಸುತ್ತದೆಯೇ ಎಂಬುದು ದೊಡ್ಡದಾಗಿತ್ತು.

'ಜುರಾಸಿಕ್ ಪಾರ್ಕ್'ನ ಲೆಕ್ಕ ಎರಡೂ ಪಂಗಡಗಳಿಗೆ ಪಾಠ ಹೇಳುತ್ತದೆ. ಎರಡು ಗಂಟೆ ಮೀರಿದ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣುವುದು ಒಟ್ಟು ಸುಮಾರು 15 ನಿಮಿಷ. ಅದರಲ್ಲಿ ಕಂಪ್ಯೂಟರಿನವು ಸುಮಾರು 6 ನಿಮಿಷ, ಉಳಿದದ್ದು ವಿನ್‌ಸ್ಟನ್ ತಂಡದ್ದು. ಟಿ-ರೆಕ್ಸ್ 20 ಅಡಿ ಎತ್ತರದ, ಹಲವು ಟನ್ ತೂಕದ ಯಂತ್ರ. ಅದನ್ನು ನಡೆಸುತ್ತಿದ್ದ ಬಗೆ ಕೇಳಿ. ಅದರದೇ ರೂಪದ ಒಂದು ಪುಟ್ಟ ಮಾದರಿಯನ್ನು ಕೆಲವರು ಕೈಯಲ್ಲಿ ಹಿಡಿದು ಆಡಿಸುತ್ತಿದ್ದರು. ಅವರು ಆ ಚಿಕ್ಕ ಕತ್ತನ್ನು ತಿರುಗಿಸಿದರೆ ಸೆಟ್ಟಿನಲ್ಲಿ ನಿಂತ ದೈತ್ಯ ಕತ್ತು ತಿರುಗಿಸುತ್ತಿತ್ತು. ಕೃತಕ ಮಳೆಯಲ್ಲಿ ಅದರ ಫೋಮ್ ಚರ್ಮ ನೀರು ಹೀರಿ, ಭಾರ ಹೆಚ್ಚಿ, ಇಡೀ ಮೈ ಚಳಿ ಹಿಡಿದವರಂತೆ ನಡುಗುತ್ತಿತ್ತು. ಶಾಟ್‌ಗಳ ನಡುವೆ ಟವೆಲ್ ಹಿಡಿದು ಅದನ್ನು ಒರೆಸಿ ಒಣಗಿಸುತ್ತಿದ್ದರು. ಅಡುಗೆಮನೆಯ ದೃಶ್ಯದಲ್ಲಿ ರ‍್ಯಾಪ್ಟರ್ ಉಡುಪಿನೊಳಗೆ ಬಾಗಿ ನಿಂತಿದ್ದವನು ಸ್ಟುಡಿಯೋದ ಕಲಾವಿದ ಜಾನ್ ರೋಸನ್‌ಗ್ರಾಂಟ್. ಕಂಪ್ಯೂಟರಿನ ಮುಂದೆ ಕೂತವರಿಗೂ ಡೈನೋಸಾರ್ ಹೇಗೆ ನಡೆಯಬೇಕೆಂದು ಹೇಳಿಕೊಟ್ಟವನು ಬೊಂಬೆಗಳನ್ನು ಚೌಕಟ್ಟಿಗೊಮ್ಮೆ ಅಲುಗಿಸಿ ಜೀವ ತುಂಬುತ್ತಿದ್ದ ಫಿಲ್ ಟಿಪೆಟ್. ಬೆರಳು, ಬೆನ್ನು, ಮೌಸ್ ಎಲ್ಲವೂ ಸೇರಿ ಮಾಡಿದ್ದು ಒಂದೇ ಪಾತ್ರವನ್ನು. ಆ ವರ್ಷದ ಎಫೆಕ್ಟ್ಸ್ ಆಸ್ಕರ್‌ನಲ್ಲಿ ವಿನ್‌ಸ್ಟನ್ ಮತ್ತು ಟಿಪೆಟ್ ಇಬ್ಬರ ಹೆಸರೂ ಇದೆ.

ಇನ್ನು ನಿರ್ದೇಶನ, ನಿರ್ಮಾಣ. ಇವನ್ನು ಎಫೆಕ್ಟ್ಸ್‌ನವನ ಹವ್ಯಾಸ ಎಂಬಂತೆ ಒಂದು ಸಾಲಿನಲ್ಲಿ ದಾಟಿಬಿಡುವುದು ರೂಢಿ. 'ಪಂಪ್ಕಿನ್‌ಹೆಡ್' (1988) ನೋಡಿ. ಮಗನನ್ನು ಕಳೆದುಕೊಂಡ ತಂದೆ ಸೇಡಿಗಾಗಿ ಒಂದು ಪಿಶಾಚಿಯನ್ನು ಎಬ್ಬಿಸುತ್ತಾನೆ. ಕೊಲೆಗಳು ನಡೆದಂತೆಲ್ಲ ಪಿಶಾಚಿಯ ಮುಖ ಆ ತಂದೆಯ ಮುಖವನ್ನು ಹೋಲತೊಡಗುತ್ತದೆ. ಇದು ಎಫೆಕ್ಟ್ ತೋರಿಸಲು ಹೆಣೆದ ಕಥೆಯಲ್ಲ. ಮುಖವಾಡಕ್ಕೂ ಮನುಷ್ಯನಿಗೂ ನಡುವಿನ ಗೆರೆ ಅಳಿಸಿಹೋಗುವುದನ್ನೇ ಚಿತ್ರದ ನೀತಿಯಾಗಿಸಿದ ಕಥೆ. ಮೈಕೆಲ್ ಜಾಕ್ಸನ್ ಜೊತೆ ಅವನು ಮಾಡಿದ 'ಘೋಸ್ಟ್ಸ್' ಎಂಬ ಕಿರುಚಿತ್ರದಲ್ಲಿ ಜಾಕ್ಸನ್ ತನ್ನನ್ನೇ ದ್ವೇಷಿಸುವ ದಪ್ಪನೆಯ ಬಿಳಿಯ ಮೇಯರ್ ಆಗಿಯೂ ಕಾಣಿಸಿಕೊಳ್ಳುತ್ತಾನೆ. ಗುರುತೇ ಸಿಗುವುದಿಲ್ಲ. ನಿರ್ಮಾಪಕನಾಗಿ 2001ರಲ್ಲಿ ಹಳೆಯ ಅಗ್ಗದ ಭಯಾನಕ ಚಿತ್ರಗಳ ಹೆಸರುಗಳನ್ನು ಮತ್ತೆ ತೆಗೆದುಕೊಂಡು 5 ಟಿವಿ ಚಿತ್ರಗಳನ್ನು ಮಾಡಿದ. 'ರಾಂಗ್ ಟರ್ನ್' (2003) ಚಿತ್ರದ ನಿರ್ಮಾಪಕರಲ್ಲಿ ಅವನೂ ಒಬ್ಬ. ಇವೆಲ್ಲ ಮಹಾನ್ ಕೃತಿಗಳು ಎಂದು ನಾನು ವಾದಿಸುವುದಿಲ್ಲ, ಕೆಲವು ಮರೆಯಬಹುದಾದವೇ. ಆದರೆ ಗೆರೆಯ ಮೇಲೆ ಹುಟ್ಟಿದ ನಿರ್ದೇಶಕ ಕೆಟ್ಟ ಚಿತ್ರ ಮಾಡಿದರೆ 'ಅವನ ದುರ್ಬಲ ಕೃತಿ' ಎನ್ನುತ್ತೇವೆ. ಕೆಳಗಿನಿಂದ ಹತ್ತಿ ಬಂದವನು ಮಾಡಿದರೆ 'ತನ್ನದಲ್ಲದ ಕೆಲಸಕ್ಕೆ ಕೈ ಹಾಕಿದ' ಎನ್ನುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಕು.

ಒಂದು ಆಕ್ಷೇಪ ಬಹಳ ನ್ಯಾಯವಾದದ್ದು. 4 ಆಸ್ಕರ್ ಪಡೆದವನಿಗೆ ಏನು ಅನ್ಯಾಯವಾಯಿತು? ಅವನಿಗೆ ಆಗಲಿಲ್ಲ, ಒಪ್ಪುತ್ತೇನೆ. ಅವನ ಹೆಸರಿನ ಹಿಂದೆ ಇದ್ದವರನ್ನು ನೋಡಿ. 'ಸ್ಟ್ಯಾನ್ ವಿನ್‌ಸ್ಟನ್ ಸ್ಟುಡಿಯೋ' ಎಂಬ ಮೂರು ಪದಗಳ ಒಳಗೆ ರೋಸನ್‌ಗ್ರಾಂಟ್, ಶೇನ್ ಮಹಾನ್, ಅಲೆಕ್ ಗಿಲಿಸ್, ಟಾಮ್ ವುಡ್‌ರಫ್ ಮೊದಲಾದ ಎಷ್ಟೋ ಜನ ಇದ್ದರು. ಪಂಪ್ಕಿನ್‌ಹೆಡ್ ಪಿಶಾಚಿಯ ರೂಪವನ್ನು ವಿನ್‌ಸ್ಟನ್ ಈ ಹುಡುಗರಿಗೇ ಬಿಟ್ಟಿದ್ದ, ಉಡುಪಿನೊಳಗೆ ಇದ್ದವನು ವುಡ್‌ರಫ್. ನೋಡುವವರಿಗೆ ಅದು 'ವಿನ್‌ಸ್ಟನ್ ಪಿಶಾಚಿ'. ಗೆರೆಯ ಕೆಳಗೂ ಇನ್ನೊಂದು ಗೆರೆ ಬೀಳುತ್ತದೆ. ಆದರೆ ಇದೇ ಮನುಷ್ಯ 1982ರಲ್ಲಿ 'ದಿ ಥಿಂಗ್' ಚಿತ್ರದಲ್ಲಿ ಬೇರೆಯೇ ಆಗಿ ನಡೆದುಕೊಂಡಿದ್ದ. ಆ ಚಿತ್ರದ ಎಫೆಕ್ಟ್ಸ್ ಹೊಣೆ ಹೊತ್ತಿದ್ದ ರಾಬ್ ಬಾಟೀನ್ ಕೆಲಸದ ಹೊರೆಯಿಂದ ಬಸವಳಿದಿದ್ದ. ನಾಯಿಯೊಂದು ಸೀಳಿ ರಾಕ್ಷಸನಾಗುವ ದೃಶ್ಯದ ಬೊಂಬೆಯನ್ನು ವಿನ್‌ಸ್ಟನ್ ಮಾಡಿಕೊಟ್ಟ. ಬಾಟೀನ್‌ನ ಕೆಲಸದಿಂದ ಗಮನ ಬೇರೆಡೆಗೆ ಹೋಗಬಾರದೆಂದು ತನಗೆ ದೊಡ್ಡ ಕ್ರೆಡಿಟ್ ಬೇಡವೆಂದ. ಚಿತ್ರದ ಕೊನೆಯಲ್ಲಿ ಒಂದು ಕೃತಜ್ಞತೆಯ ಸಾಲು ಮಾತ್ರ ಉಳಿಯಿತು. ಹೆಸರು ಎಂಬುದು ಹಂಚಿಕೊಳ್ಳಬೇಕಾದ ಆಸ್ತಿ ಎಂದು ಅವನಿಗೆ ಗೊತ್ತಿತ್ತು. ಆದರೆ ಒಬ್ಬರ ಔದಾರ್ಯದ ಮೇಲೆ ನಿಂತ ನ್ಯಾಯ ನ್ಯಾಯವಲ್ಲ.

ಇದು ಬರೀ ಹೆಸರಿನ ಜಗಳ ಎಂದುಕೊಂಡರೆ 2013ರ ಆಸ್ಕರ್ ಸಮಾರಂಭ ನೆನಪಿಸಿಕೊಳ್ಳಿ. 'ಲೈಫ್ ಆಫ್ ಪೈ' ಚಿತ್ರದ ಹುಲಿ ಬಹುಪಾಲು ಕಂಪ್ಯೂಟರಿನಲ್ಲಿ ಹುಟ್ಟಿದ್ದು. ನಾಯಕನ ಎದುರು ದೋಣಿಯಲ್ಲಿ ಕೂತು ಇಡೀ ಚಿತ್ರವನ್ನು ಹೊತ್ತ ಆ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಹೈದರಾಬಾದ್, ಮುಂಬೈಗಳಲ್ಲೂ ಅದರ ಕಚೇರಿಗಳಿದ್ದವು. ಪ್ರಶಸ್ತಿ ಹಿಡಿದು ಆ ಸಂಕಟದ ಬಗ್ಗೆ ಎರಡು ಮಾತು ಹೇಳಹೊರಟ ಬಿಲ್ ವೆಸ್ಟೆನ್‌ಹೋಫರ್‌ನ ಮಾತನ್ನು ವಾದ್ಯಸಂಗೀತ ನುಡಿಸಿ, ಮೈಕ್ ಕತ್ತರಿಸಿ ನಿಲ್ಲಿಸಿದರು. ಅದಕ್ಕೂ ಕೆಲವು ತಿಂಗಳ ಮುಂಚೆ, 2012ರ ಸೆಪ್ಟೆಂಬರಿನಲ್ಲಿ, ವಿನ್‌ಸ್ಟನ್ ಕಟ್ಟಿ ಬಹಳ ಹಿಂದೆಯೇ ಬಿಟ್ಟು ಬಂದಿದ್ದ ಡಿಜಿಟಲ್ ಡೊಮೈನ್ ಕೂಡ ದಿವಾಳಿಯಾಗಿತ್ತು. ಕಂಪನಿಗಳು ಮುಳುಗಲು ಹತ್ತು ಕಾರಣಗಳಿರುತ್ತವೆ. ಆದರೆ ಪಾತ್ರ ಮಾಡಿದವರನ್ನು ಕಲಾವಿದರೆಂದು ಎಣಿಸದೆ ಅತಿ ಕಡಿಮೆ ಟೆಂಡರ್ ಹಾಕಿದ ಗುತ್ತಿಗೆದಾರರಂತೆ ನಡೆಸಿಕೊಳ್ಳುವ ಪದ್ಧತಿ ಅವುಗಳಲ್ಲೊಂದು. ಚಿತ್ರ ನೂರಾರು ಕೋಟಿ ಗಳಿಸಿದರೂ ಹುಲಿಗೆ ಪಾಲಿಲ್ಲ, ಏಕೆಂದರೆ ಹುಲಿ ನಟನಲ್ಲ.

ಮೇ 2008ರಲ್ಲಿ 'ಐರನ್ ಮ್ಯಾನ್' ಬಿಡುಗಡೆಯಾಯಿತು. ಅದರ ಲೋಹದ ಕವಚ ಕಟ್ಟಿದ್ದೂ ವಿನ್‌ಸ್ಟನ್ ಸ್ಟುಡಿಯೋ. ಜೂನ್ 15ರಂದು, ಏಳು ವರ್ಷ ಕ್ಯಾನ್ಸರ್ ಜೊತೆ ಗುದ್ದಾಡಿ, ತನ್ನ 62ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಅವನ ಸ್ಟುಡಿಯೋದ ನಾಲ್ವರು ಸೇರಿ ಲೆಗಸಿ ಎಫೆಕ್ಟ್ಸ್ ಎಂಬ ಹೊಸ ಸಂಸ್ಥೆ ಕಟ್ಟಿದರು. ಅವನ ಕುಟುಂಬ ಅವನ ಹೆಸರಿನಲ್ಲಿ ಒಂದು ಶಾಲೆ ತೆರೆಯಿತು. ಆ ಶಾಲೆ 'ಸ್ಪೆಷಲ್ ಎಫೆಕ್ಟ್ಸ್' ಎಂಬ ಪದವನ್ನು ಹೆಸರಿನಲ್ಲಿ ಇಟ್ಟುಕೊಂಡಿಲ್ಲ, ಪಾತ್ರಕಲೆಗಳ ಶಾಲೆ ಎಂದು ಕರೆದುಕೊಂಡಿದೆ. ಅವನನ್ನು ಹತ್ತಿರದಿಂದ ಬಲ್ಲವರಿಗೆ ಅವನ ಕೆಲಸದ ಹೆಸರು ಗೊತ್ತಿತ್ತು.

ಸಿನಿಮಾ ಬಗ್ಗೆ ಬರೆಯಲು ಹೊರಟಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಬೇಡಿಕೆ ಇದೆ. ನಮ್ಮ ವಿಮರ್ಶೆಗಳ ಕೊನೆಯ ಪ್ಯಾರಾ ನಿಮಗೆ ಬಾಯಿಪಾಠ ಇರಬೇಕು: ಛಾಯಾಗ್ರಹಣ ಹಿತವಾಗಿದೆ, ಸಂಕಲನ ಚುರುಕಾಗಿದೆ, ತಾಂತ್ರಿಕ ವರ್ಗ ಚಿತ್ರಕ್ಕೆ ಪೂರಕವಾಗಿ ದುಡಿದಿದೆ. ಇದು ಊಟ ಮುಗಿದ ಮೇಲೆ ಬಡಿಸುವ ಪಂಕ್ತಿ. ಅದನ್ನು ಬರೆಯುವುದು ನಿಲ್ಲಿಸಿ. ಯಾವ ಭಾಷೆಯ ಚಿತ್ರವಾದರೂ ಸರಿ, ಅಭಿನಯದ ಬಗ್ಗೆ ಬರೆಯುವ ಪ್ಯಾರಾದಲ್ಲೇ ಮುಖ ಕಟ್ಟಿದವರ ಹೆಸರನ್ನೂ, ಮುಖವಾಡದೊಳಗೆ ಬೆವರಿದವರ ಹೆಸರನ್ನೂ ಬರೆಯಿರಿ. 'ಪ್ರಿಡೇಟರ್' ಬಗ್ಗೆ ಬರೆಯುವ ಸಂದರ್ಭ ಬಂದರೆ ಶ್ವಾರ್ಜನೆಗರ್ ಪಕ್ಕದಲ್ಲಿ, ಅದೇ ವಾಕ್ಯದಲ್ಲಿ, ಕೆವಿನ್ ಪೀಟರ್ ಹಾಲ್ ಇರಲಿ.